ಕಾಯುವ ಕೆಲಸ ನೆಲಮಾಳಿಗೆಯದು

ಸ್ಪೇನಿನ ರಿಯೋಹಾ ಪ್ರದೇಶದ ವೈನ್ ಬಾಟಲಿ ಕೈಗೆ ಸಿಕ್ಕರೆ ಮುಂದಿನ ಚೀಟಿಯನ್ನು ಬಿಟ್ಟು ಹಿಂದಿನದನ್ನು ಮೊದಲು ನೋಡಿ. ಮುಂದೆ ಕೋಟೆ, ಕಿರೀಟ, ಯಾವುದೋ ಹಳೆಯ ಮನೆತನದ ಲಾಂಛನ ಇರುತ್ತದೆ. ಕೆಲವು ಬಾಟಲಿಗಳ ಸುತ್ತ ಚಿನ್ನದ ಬಣ್ಣದ ತಂತಿಬಲೆಯೂ ಇರುತ್ತದೆ. ಖಾಲಿ ಬಾಟಲಿಗೆ ಅಗ್ಗದ ವೈನ್ ತುಂಬಿ ಮಾರುವ ಮೋಸ ತಡೆಯಲು ಹಿಂದೆ ಹಾಕುತ್ತಿದ್ದ ಬಲೆ ಅದು, ಈಗ ಬರೀ ಅಲಂಕಾರ. ಹಿಂಬದಿಯ ಚಿಕ್ಕ ಮುದ್ರೆ ಮಾತ್ರ ಇಂದಿಗೂ ಕೆಲಸಕ್ಕೆ ಬರುವಂಥದ್ದು. ಅದರ ಬಣ್ಣ ಹಸಿರಾಗಿದ್ದರೆ ಆ ವೈನಿಗೆ ವಯಸ್ಸಿನ ಕಟ್ಟುಪಾಡಿಲ್ಲ, ಎಳೆಯದಾಗಿಯೇ ಮಾರುಕಟ್ಟೆಗೆ ಬಂದಿರಬಹುದು. ಕೆಂಪಾಗಿದ್ದರೆ ಅದು ಕ್ರಿಯಾಂಸಾ. ಕಡುಗೆಂಪು ಬಣ್ಣ ರೆಸೆರ್ವಾದ್ದು, ನೀಲಿ ಗ್ರಾನ್ ರೆಸೆರ್ವಾದ್ದು.

ಈ ಮೂರು ಹೆಸರುಗಳಿಗೂ ಕಾನೂನಿನ ಬೆಂಬಲವಿದೆ. ರಿಯೋಹಾದ ಕೆಂಪು ವೈನ್ ಕ್ರಿಯಾಂಸಾ ಅನ್ನಿಸಿಕೊಳ್ಳಬೇಕಾದರೆ ಕೊಯ್ಲಿನ ನಂತರ ಎರಡು ವರ್ಷ ಕಳೆದಿರಬೇಕು, ಅದರಲ್ಲಿ ಕನಿಷ್ಠ ಒಂದು ವರ್ಷ ಓಕ್ ಮರದ ಪೀಪಾಯಿಯಲ್ಲಿ ಇದ್ದಿರಬೇಕು. ರೆಸೆರ್ವಾಕ್ಕೆ ಮೂರು ವರ್ಷ, ಅದರಲ್ಲೂ ಒಂದು ವರ್ಷ ಪೀಪಾಯಿ. ಗ್ರಾನ್ ರೆಸೆರ್ವಾಕ್ಕೆ ಐದು ವರ್ಷ: ಎರಡು ವರ್ಷ ಪೀಪಾಯಿಯಲ್ಲಿ, ಇನ್ನೆರಡು ವರ್ಷ ಬಾಟಲಿಯಲ್ಲಿ. ಸ್ಪೇನಿನ ಉಳಿದ ಹಲವು ಪ್ರದೇಶಗಳಲ್ಲಿ ಪೀಪಾಯಿಯ ಅವಧಿ ತುಸು ಸಡಿಲ. ಕ್ರಿಯಾಂಸಾಕ್ಕೆ ಆರು ತಿಂಗಳಿದ್ದರೆ ಸಾಕು, ಗ್ರಾನ್ ರೆಸೆರ್ವಾಕ್ಕೆ ಹದಿನೆಂಟು.

ಹೊಸದಾಗಿ ವೈನ್ ಅರಿಯಹೊರಟವರಿಗೆ ಸ್ಪೇನೇ ಒಳ್ಳೆಯ ಬಾಗಿಲು ಎಂದು ನಾನು ನಂಬಲು ಕಾರಣ ಈ ಮುದ್ರೆಯಲ್ಲಿದೆ. ಫ್ರಾನ್ಸಿನ ಬೋರ್ಡೊದಲ್ಲಿ ಒಳ್ಳೆಯ ವೈನನ್ನು ಎಳೆಯದಿರುವಾಗಲೇ ಮಾರಿಬಿಡುತ್ತಾರೆ. ಕೊಂಡವರು ಮನೆಯ ನೆಲಮಾಳಿಗೆಯಲ್ಲಿ ಹತ್ತು ಹದಿನೈದು ವರ್ಷ ಇಟ್ಟು ಹದಕ್ಕೆ ಬಂದಾಗ ತೆಗೆಯಬೇಕು. ನೆಲಮಾಳಿಗೆ ಇಲ್ಲದವರು, ಹಣವನ್ನು ಅಷ್ಟು ವರ್ಷ ಕಟ್ಟಿಡಲಾಗದವರು ಮಾಗಿದ ವೈನಿನ ರುಚಿಯನ್ನು ಕಾಣುವುದೇ ಅಪರೂಪ. ಸ್ಪೇನಿನಲ್ಲಿ ಆ ಕಾಯುವಿಕೆಯನ್ನು ಬೊದೇಗಾಗಳೇ ಹೊತ್ತುಕೊಂಡಿವೆ. ವೈನ್ ತಯಾರಿಸುವ, ಇಟ್ಟು ಮಾಗಿಸುವ ಮನೆಗೆ ಅಲ್ಲಿ ಬೊದೇಗಾ ಎನ್ನುತ್ತಾರೆ. ಅಂಗಡಿಗೆ ಬರುವ ಹೊತ್ತಿಗೆ ಬಾಟಲಿ ಕುಡಿಯಲು ಸಿದ್ಧವಾಗಿರುತ್ತದೆ. ಹೀಗೆ ವರ್ಷಗಟ್ಟಲೆ ಕಾದು ಹೊರಬಂದ ಕ್ರಿಯಾಂಸಾ ಸ್ಪೇನಿನ ಅಂಗಡಿಯಲ್ಲಿ ಹತ್ತು ಯೂರೊ ಆಸುಪಾಸಿಗೆ ಸಿಗುತ್ತದೆ ಎಂಬುದು ನನಗೆ ಇಂದಿಗೂ ಅಚ್ಚರಿಯ ಸಂಗತಿ.

ಪೀಪಾಯಿಯೊಳಗೆ ಏನಾಗುತ್ತದೆ ಎಂಬುದನ್ನು ಗ್ಲಾಸಿನಲ್ಲೇ ನೋಡಬಹುದು. ರಿಯೋಹಾದ ಮುಖ್ಯ ದ್ರಾಕ್ಷಿ ಟೆಂಪ್ರಾನಿಯೊ. ಕಪ್ಪು ಸಿಪ್ಪೆಯ, ಬೇಗ ಹಣ್ಣಾಗುವ ತಳಿ. ಅದರ ಎಳೆಯ ವೈನ್ ನೇರಳೆ ಮಿಶ್ರಿತ ಕೆಂಪಾಗಿರುತ್ತದೆ. ಚೆರ್ರಿ, ಸ್ಟ್ರಾಬೆರಿಯ ವಾಸನೆ, ನಾಲಿಗೆಯ ಇಕ್ಕೆಲಗಳಲ್ಲಿ ಎದ್ದು ನಿಲ್ಲುವ ಒಗರು. ಅದನ್ನೇ 225 ಲೀಟರಿನ ಓಕ್ ಪೀಪಾಯಿಗೆ ತುಂಬಿಟ್ಟರೆ ಮರದ ಸೂಕ್ಷ್ಮ ರಂಧ್ರಗಳಿಂದ ಚೂರುಚೂರೇ ಗಾಳಿ ಒಳಗೆ ಹೋಗುತ್ತದೆ. ಒಗರು ಮೆತ್ತಗಾಗುತ್ತದೆ, ಮರದಿಂದ ವೆನಿಲಾ, ಒಣಕೊಬ್ಬರಿಯ ಪರಿಮಳ ಇಳಿಯುತ್ತದೆ. ಈ ಕೊಬ್ಬರಿಯ ವಾಸನೆ ಅಮೆರಿಕದ ಓಕ್‌ನ ಗುರುತು; ರಿಯೋಹಾದ ಹಳೆಯ ಮನೆಗಳು ಅದನ್ನೇ ಹೆಚ್ಚಾಗಿ ಬಳಸಿಕೊಂಡು ಬಂದವು. ಗ್ಲಾಸನ್ನು ಬಿಳಿ ಬಟ್ಟೆಯ ಮೇಲೆ ಓರೆಯಾಗಿ ಹಿಡಿಯಿರಿ. ಕ್ರಿಯಾಂಸಾದ ಅಂಚು ಇನ್ನೂ ಕೆಂಪಾಗಿರುತ್ತದೆ. ವಯಸ್ಸಾದ ಗ್ರಾನ್ ರೆಸೆರ್ವಾದ ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ. ಹಣ್ಣಿನ ವಾಸನೆ ಹಿಂದೆ ಸರಿದು ತೊಗಲು, ತಂಬಾಕು, ಒಣಗಿದ ಎಲೆ, ಅಂಜೂರದ ವಾಸನೆ ಮುಂದೆ ಬಂದಿರುತ್ತದೆ. ಒಂದೇ ಬೊದೇಗಾದ ಕ್ರಿಯಾಂಸಾ ಮತ್ತು ಗ್ರಾನ್ ರೆಸೆರ್ವಾ ಎರಡನ್ನೂ ಅಕ್ಕಪಕ್ಕ ಇಟ್ಟು ಸವಿದರೆ ಪುಸ್ತಕಗಳು ಹೇಳಲಾರದ್ದು ಒಂದು ಸಂಜೆಯಲ್ಲಿ ತಿಳಿಯುತ್ತದೆ.

ಈ ಪೀಪಾಯಿಯ ಪದ್ಧತಿ ಅಲ್ಲಿ ಬೇರೂರಿದ್ದರ ಹಿಂದೆ ಫ್ರಾನ್ಸಿನ ಒಂದು ದೊಡ್ಡ ಆಪತ್ತಿದೆ. ಹತ್ತೊಂಬತ್ತನೇ ಶತಮಾನದ ನಡುವಿನವರೆಗೆ ರಿಯೋಹಾದ ವೈನ್ ಹೆಚ್ಚು ದಿನ ತಾಳುತ್ತಿರಲಿಲ್ಲ, ದೂರ ಸಾಗಿಸಿದರೆ ಕೆಡುತ್ತಿತ್ತು. ಇದನ್ನು ಸರಿಪಡಿಸಲು ಲುಸಿಯಾನೊ ಮುರ್ರಿಯೆತಾ ಎಂಬುವರು 1850ರ ದಶಕದಲ್ಲೇ ಬೋರ್ಡೊದ ಪೀಪಾಯಿಯ ಕ್ರಮವನ್ನು ತಂದರು. 1858ರಲ್ಲಿ ಎಲ್ಸಿಯೆಗೊ ಊರಿನಲ್ಲಿ ಮಾರ್ಕೆಸ್ ದೆ ರಿಸ್ಕಲ್ ಎಂಬ ಬೊದೇಗಾ ಶುರುವಾಯಿತು. ಆಲವಾ ಪ್ರಾಂತ್ಯದ ಆಡಳಿತ ಜಾನ್ ಪಿನೋ ಎಂಬ ಫ್ರೆಂಚ್ ಪರಿಣತನನ್ನು ಕರೆಸಿ ಬೆಳೆಗಾರರಿಗೆ ಹೇಳಿಕೊಡಲು ನೇಮಿಸಿತು. ಪೀಪಾಯಿಗೆ ಹಣ ಹಾಕಲು ಸಣ್ಣ ಬೆಳೆಗಾರರು ಮುಂದಾಗಲಿಲ್ಲ. ಅಷ್ಟರಲ್ಲಿ ಫಿಲಾಕ್ಸೆರಾ ಬಂತು. ಅಮೆರಿಕದ ಬಳ್ಳಿಗಳ ಜೊತೆ ಯುರೋಪಿಗೆ ಬಂದ, ಬೇರಿನ ರಸ ಹೀರುವ ಈ ಚಿಕ್ಕ ಹೇನು 1860ರ ದಶಕದಿಂದ ಮುಂದಕ್ಕೆ ಫ್ರಾನ್ಸಿನ ತೋಟಗಳನ್ನು ಒಂದೊಂದಾಗಿ ಒಣಗಿಸಿತು. ಮಾರಲು ವೈನಿಲ್ಲದ ಬೋರ್ಡೊದ ವ್ಯಾಪಾರಿಗಳು ಪಿರನೀಸ್ ಬೆಟ್ಟ ದಾಟಿ ಎಬ್ರೋ ನದಿಯ ಕಣಿವೆಗೆ ಬಂದರು.

ಅವರು ಬಂದಿಳಿದದ್ದು ಆರೋ ಎಂಬ ಊರಿಗೆ. ಬಿಲ್ಬಾವೊ ಬಂದರಿನಿಂದ ರೈಲು ಹಳಿ ಆಗಲೇ ಅಲ್ಲಿಗೆ ತಲುಪಿತ್ತು. ಪೀಪಾಯಿಗಳನ್ನು ಉರುಳಿಸಿ ನೇರ ಬೋಗಿಗೆ ಏರಿಸಲು ಅನುಕೂಲವೆಂದು ಬೊದೇಗಾಗಳು ನಿಲ್ದಾಣದ ಬಳಿಯೇ ಎದ್ದವು. 1877ರಲ್ಲಿ ಲೋಪೆಸ್ ದೆ ಎರೇದಿಯಾ, 1879ರಲ್ಲಿ ಸಿವಿಎನ್‌ಇ, 1890ರಲ್ಲಿ ಲಾ ರಿಯೋಹಾ ಆಲ್ಟಾ. ನೂರು ವರ್ಷ ದಾಟಿದ ಈ ಮನೆಗಳೆಲ್ಲ ಇಂದಿಗೂ ಒಂದಕ್ಕೊಂದು ಕೂಗಳತೆಯ ದೂರದಲ್ಲಿವೆ.

ಇವುಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಲೋಪೆಸ್ ದೆ ಎರೇದಿಯಾ. ಈ ಮನೆತನ ಈಗಲೂ ಪೀಪಾಯಿಗಳನ್ನು ತನ್ನ ಬಡಗಿಗಳಿಂದಲೇ ಮಾಡಿಸುತ್ತದೆ, ದುರಸ್ತಿಯೂ ಅಲ್ಲೇ. ಎಬ್ರೋ ನದಿ ಬಾಗಿ ಹರಿಯುವಲ್ಲಿ ಅವರ ತೊಂದೋನಿಯಾ ತೋಟ ನೂರು ಹೆಕ್ಟೇರಿನಷ್ಟಿದೆ. ಕಾನೂನು ಕೇಳಿದ್ದಕ್ಕಿಂತ ಎಷ್ಟೋ ಹೆಚ್ಚು ಕಾಲ ಅವರು ವೈನನ್ನು ಇಟ್ಟುಕೊಳ್ಳುತ್ತಾರೆ. ಹತ್ತಾರು ವರ್ಷ ಕಳೆದ ಮೇಲೆ ಹೊರಬರುವ ಗ್ರಾನ್ ರೆಸೆರ್ವಾಗಳೂ ಇವೆ. ನೆಲಮಾಳಿಗೆಯ ಗೋಡೆಗೆ ಬೂಷ್ಟು ದಪ್ಪಗೆ ಹತ್ತಿದೆ, ಬಾಟಲಿಗಳ ಮೇಲೆ ಜೇಡರಬಲೆ ತೂಗುತ್ತದೆ, ಯಾರೂ ಗುಡಿಸುವುದಿಲ್ಲ. ಬಿರಡೆಯನ್ನು ಕೊರೆಯುವ ಪತಂಗಗಳನ್ನು ಜೇಡ ಹಿಡಿದು ತಿನ್ನುತ್ತದೆ, ಅದಕ್ಕೇ ಬಿಟ್ಟಿರುವುದು. ತಳದಲ್ಲಿ ಗಸಿ ನಿಂತಾಗ ಮೇಲಿನ ತಿಳಿ ವೈನನ್ನು ಮಾತ್ರ ಬೇರೆ ಪೀಪಾಯಿಗೆ ಬಗ್ಗಿಸುವ ಕೆಲಸ ಆರೋದ ಹಳೆಯ ಮನೆಗಳಲ್ಲಿ ಕೈಯಿಂದಲೇ ನಡೆಯುತ್ತದೆ. ಹರಿಯುವ ವೈನಿನ ಹಿಂದೆ ಮೇಣದ ಬತ್ತಿ ಹಿಡಿದು ನೋಡುತ್ತಿರುತ್ತಾರೆ. ಬೆಳಕು ಮಬ್ಬಾದ ಕ್ಷಣ ನಿಲ್ಲಿಸುತ್ತಾರೆ.

ಫಿಲಾಕ್ಸೆರಾ ಕೊನೆಗೆ ರಿಯೋಹಾವನ್ನೂ ಬಿಡಲಿಲ್ಲ, ಶತಮಾನದ ಅಂತ್ಯಕ್ಕೆ ಅಲ್ಲಿಗೂ ಬಂತು. ಅಷ್ಟರಲ್ಲಿ ಮದ್ದು ಸಿಕ್ಕಿತ್ತು. ಆ ಹೇನನ್ನು ತಾಳಿಕೊಳ್ಳುವ ಅಮೆರಿಕದ ಬೇರಿಗೆ ಯುರೋಪಿನ ಬಳ್ಳಿಯನ್ನು ಕಸಿ ಕಟ್ಟುವುದು. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಇದು ಹೊಸ ಮಾತಲ್ಲ. ಅವರೂ ಡಾಗ್‌ರಿಡ್ಜ್ ಎಂಬ ಅಮೆರಿಕ ಮೂಲದ ಬೇರಿನ ಮೇಲೆಯೇ ಕಸಿ ಮಾಡುತ್ತಾರೆ. ಇಲ್ಲಿ ಕಾರಣ ಬರ ಮತ್ತು ಸವಳು ನೀರು, ಅಲ್ಲಿ ಹೇನು.

ಬರದ ಮಾತು ಬಂದದ್ದರಿಂದ ಲಾ ಮಾಂಚಾದ ಬಗ್ಗೆ ಹೇಳಬೇಕು. ಪ್ರಪಂಚದಲ್ಲಿ ದ್ರಾಕ್ಷಿ ಬಳ್ಳಿಗೆ ಅತಿ ಹೆಚ್ಚು ನೆಲ ಕೊಟ್ಟಿರುವ ದೇಶ ಸ್ಪೇನ್, 9 ಲಕ್ಷ ಹೆಕ್ಟೇರಿಗೂ ಮಿಕ್ಕಿ. ಆದರೂ ವೈನ್ ಉತ್ಪಾದನೆಯಲ್ಲಿ ಇಟಲಿ, ಫ್ರಾನ್ಸ್‌ಗಳೇ ಮುಂದೆ. ಕಾರಣ ನೀರಿನ ಕೊರತೆ. ಮ್ಯಾಡ್ರಿಡ್‌ನ ದಕ್ಷಿಣಕ್ಕೆ ಹರಡಿರುವ ಲಾ ಮಾಂಚಾದ ಒಣ ಬಯಲಿನಲ್ಲಿ ಎರಡೂವರೆ ಮೀಟರ್ ಅಂತರ ಬಿಟ್ಟು, ಕಂಬವಾಗಲಿ ತಂತಿಯಾಗಲಿ ಇಲ್ಲದೆ, ಮೋಟು ಗಿಡಗಳ ಹಾಗೆ ಬಳ್ಳಿಗಳನ್ನು ಬೆಳೆಸುವುದು ಅಲ್ಲಿಯ ರೂಢಿ. ತನ್ನ ಎಲೆಯ ನೆರಳೇ ತನ್ನ ಗೊಂಚಲಿಗೆ ಆಸರೆ. 1996ರವರೆಗೆ ದ್ರಾಕ್ಷಿಗೆ ನೀರು ಹಾಯಿಸುವುದನ್ನೇ ಸ್ಪೇನಿನ ಕಾನೂನು ನಿಷೇಧಿಸಿತ್ತು. ಅಲ್ಲಿಯ ಐರೇನ್ ಎಂಬ ಬಿಳಿ ತಳಿ ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ಪ್ರದೇಶದಲ್ಲಿ ಬೆಳೆಯುವ ವೈನ್ ದ್ರಾಕ್ಷಿಯಾಗಿತ್ತು. ಬಹುಪಾಲು ಬ್ರಾಂದಿಯ ಭಟ್ಟಿಗೆ ಹೋಗುತ್ತಿತ್ತು.

ಟೆಂಪ್ರಾನಿಯೊದ ರುಚಿ ಹತ್ತಿದವರು ಮುಂದೆ ದುಯೆರೊ ನದಿಯ ದಂಡೆಗೆ ಹೋಗಬಹುದು. ರಿಬೇರಾ ದೆಲ್ ದುಯೆರೊದಲ್ಲಿ ತೋಟಗಳು ಸಮುದ್ರಮಟ್ಟದಿಂದ 750 ಮೀಟರಿಗೂ ಮೇಲಿವೆ. ಹಗಲು ಬೆಂಕಿ, ರಾತ್ರಿ ಚಳಿ. ಹಾಗಾಗಿ ಅದೇ ದ್ರಾಕ್ಷಿ ಇಲ್ಲಿ ಇನ್ನಷ್ಟು ಕಪ್ಪಗೆ, ಗಟ್ಟಿಯಾಗಿ ಮಾತಾಡುತ್ತದೆ. 1864ರಲ್ಲಿ ಶುರುವಾದ ವೇಗಾ ಸಿಸಿಲಿಯಾ ಬೊದೇಗಾ ಇಲ್ಲಿಯದೇ. ಅದರ ವೈನಿನ ಬೆಲೆ ಹೊಸಬರ ಕೈಗೆ ಎಟುಕುವಂಥದ್ದಲ್ಲ. ಕ್ಯಾಟಲೋನಿಯಾದ ಪ್ರಿಯೊರಾತ್‌ನಲ್ಲಿ ಗಾರ್ನಾಚಾ ಮತ್ತು ಕರಿನ್ಯೆನಾ ತಳಿಗಳು ಮಣ್ಣೇ ಇಲ್ಲವೆನ್ನಿಸುವ ಕಡಿದಾದ ಕಪ್ಪು ಸ್ಲೇಟು ಕಲ್ಲಿನ ಇಳಿಜಾರಿನಲ್ಲಿ ಬೆಳೆಯುತ್ತವೆ. ಹನ್ನೆರಡನೇ ಶತಮಾನದಲ್ಲಿ ಸನ್ಯಾಸಿಗಳು ಮಠ ಕಟ್ಟಿ ಬಳ್ಳಿ ನೆಟ್ಟ ಈ ಬೆಟ್ಟಗಳು ಮಧ್ಯೆ ಬಹುಮಟ್ಟಿಗೆ ಪಾಳುಬಿದ್ದಿದ್ದವು. 1980ರ ದಶಕದ ಕೊನೆಗೆ ರೆನೆ ಬಾರ್ಬಿಯೆ, ಆಲ್ವಾರೊ ಪಲಾಸಿಯೊಸ್ ಮುಂತಾದ ಕೆಲವರು ಬಂದು ಮತ್ತೆ ಜೀವ ತಂದರು. ಇಂದು ಸ್ಪೇನಿನಲ್ಲಿ ರಿಯೋಹಾದ ಜೊತೆ ಅತ್ಯುನ್ನತ ದರ್ಜೆ ಪಡೆದ ಇನ್ನೊಂದು ಪ್ರದೇಶವೆಂದರೆ ಪ್ರಿಯೊರಾತ್ ಮಾತ್ರ.

ಎಲ್ಲ ವೈನಿಗೂ ಪೀಪಾಯಿ ಬೇಕೆಂದೇನಿಲ್ಲ. ವಾಯವ್ಯ ಮೂಲೆಯ ಗಲೀಸಿಯಾ ಹಸಿರು ನಾಡು, ಅಟ್ಲಾಂಟಿಕ್ ಕಡೆಯಿಂದ ಮಳೆ ಬಿಡದೆ ಸುರಿಯುತ್ತದೆ. ನೆಲದ ತೇವ ತಾಗದಿರಲೆಂದು ಅಲ್ಲಿಯ ರಿಯಾಸ್ ಬೈಶಾಸ್‌ನಲ್ಲಿ ಬಳ್ಳಿಯನ್ನು ಗ್ರಾನೈಟ್ ಕಂಬಗಳ ಮೇಲಿನ ಚಪ್ಪರಕ್ಕೆ ಹಬ್ಬಿಸುತ್ತಾರೆ. ಅಲ್ಲಿಯ ಅಲ್ಬರೀನ್ಯೊ ದ್ರಾಕ್ಷಿಯ ಬಿಳಿ ವೈನ್ ಹುಳಿ ಚುರುಕಿನದು, ನಿಂಬೆ ಸಿಪ್ಪೆ, ಪೀಚ್ ಹಣ್ಣಿನ ಪರಿಮಳ, ಕೊನೆಗೆ ತುಸು ಉಪ್ಪಿನ ಛಾಯೆ. ಅದನ್ನು ಹೆಚ್ಚಾಗಿ ಉಕ್ಕಿನ ತೊಟ್ಟಿಯಲ್ಲಿ ಹುದುಗಿಸಿ ಎಳೆಯದಾಗಿಯೇ ಬಾಟಲಿಗೆ ತುಂಬುತ್ತಾರೆ. ನೊರೆ ವೈನ್ ಬೇಕೆಂದರೆ ಕಾವಾ ಇದೆ. ಷಾಂಪೇನಿನ ಹಾಗೆ ಬಾಟಲಿಯೊಳಗೇ ಎರಡನೇ ಸಲ ಹುದುಗಿಸಿ, ಕನಿಷ್ಠ ಒಂಬತ್ತು ತಿಂಗಳು ಯೀಸ್ಟಿನ ಗಸಿಯ ಜೊತೆ ಇಡುತ್ತಾರೆ. ಬೆಲೆ ಷಾಂಪೇನಿಗಿಂತ ಬಹಳ ಕಡಿಮೆ.

ಇಷ್ಟೆಲ್ಲ ಹೇಳಿದ ಮೇಲೂ, ಸ್ಪೇನಿನ ಎಲ್ಲ ವೈನುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದು ಎಂದರೆ ನಾನು ಶೆರ್ರಿಯನ್ನು ಉಳಿಸಿಕೊಳ್ಳುತ್ತೇನೆ. ನಮ್ಮಲ್ಲಿ ಶೆರ್ರಿ ಎಂದರೆ ಕೇಕಿಗೆ ಹಾಕುವ ಸಿಹಿ ಪಾನೀಯ ಎಂಬ ಭಾವನೆ ಇದೆ. ಅದರ ತವರಾದ ಅಂಡಲೂಸಿಯಾದ ಜನ ನಿತ್ಯ ಕುಡಿಯುವ ಶೆರ್ರಿಯಲ್ಲಿ ಸಕ್ಕರೆಯ ಸುಳಿವೇ ಇರುವುದಿಲ್ಲ.

ಶೆರ್ರಿ ಮುಖ್ಯವಾಗಿ ಮಾಗುವುದು ಹೆರೆಸ್, ಸಾನ್‌ಲೂಕರ್ ದೆ ಬರ್ರಮೇದಾ, ಎಲ್ ಪುಯೆರ್ತೊ ದೆ ಸಾಂತಾ ಮರಿಯಾ ಎಂಬ ಮೂರು ಊರುಗಳಲ್ಲಿ. ಸುತ್ತಲಿನ ಗುಡ್ಡಗಳ ಮಣ್ಣು ಕಣ್ಣು ಕುಕ್ಕುವಷ್ಟು ಬಿಳಿ, ಸುಣ್ಣದಂಶ ತುಂಬಿದ್ದು. ಚಳಿಗಾಲದ ಮಳೆಯನ್ನು ಹೀರಿ ಹಿಡಿದಿಟ್ಟು, ಬೇಸಿಗೆಯಲ್ಲಿ ಮೇಲೆ ಗಟ್ಟಿ ಪದರ ಕಟ್ಟಿಕೊಂಡು, ಒಳಗಿನ ತೇವವನ್ನು ಬೇರಿಗೆ ಉಳಿಸುತ್ತದೆ. ಅಲ್ಲಿ ಬೆಳೆಯುವ ಪಾಲೊಮಿನೊ ದ್ರಾಕ್ಷಿ ತಾನಾಗಿ ಹೆಚ್ಚೇನೂ ರುಚಿಯದಲ್ಲ. ಅದರ ಸಪ್ಪೆ ಬಿಳಿ ವೈನಿಗೆ ದ್ರಾಕ್ಷಿಯ ಸ್ಪಿರಿಟ್ ಬೆರೆಸಿ ಮದ್ಯಾಂಶವನ್ನು ಶೇ 15ಕ್ಕೆ ಏರಿಸುತ್ತಾರೆ. 600 ಲೀಟರಿನ ಕಪ್ಪು ಬಣ್ಣ ಬಳಿದ ಪೀಪಾಯಿಗೆ ತುಂಬುತ್ತಾರೆ, ಆದರೆ ಪೂರ್ತಿ ಅಲ್ಲ. ಆರರಲ್ಲಿ ಒಂದು ಪಾಲು ಖಾಲಿ ಬಿಡುತ್ತಾರೆ.

ಆ ಖಾಲಿ ಜಾಗದಲ್ಲೇ ಶೆರ್ರಿ ಹುಟ್ಟುವುದು. ವೈನಿನ ಮೇಲ್ಮೈಯಲ್ಲಿ ಯೀಸ್ಟ್ ತಾನಾಗಿ ಬೆಳೆದು ಬಿಳಿಯ, ಸುಕ್ಕುಸುಕ್ಕಾದ ಪದರವಾಗಿ ಹರಡುತ್ತದೆ. ಇದನ್ನು ಫ್ಲೋರ್ ಎನ್ನುತ್ತಾರೆ. ಗಾಳಿ ವೈನಿಗೆ ತಾಗದಂತೆ ತಡೆಯುವುದು ಈ ಪದರ. ತಾನು ಬದುಕಲು ವೈನಿನ ಮದ್ಯಾಂಶವನ್ನು, ಗ್ಲಿಸರಿನನ್ನು ತಿನ್ನುತ್ತದೆ, ಬದಲಿಗೆ ಬಾದಾಮಿ, ಜಜ್ಜಿದ ಸೇಬು, ಬ್ರೆಡ್ಡಿನ ಹಿಟ್ಟಿನ ಪರಿಮಳ ಬಿಡುತ್ತದೆ. ಹೀಗೆ ಫ್ಲೋರ್ ಅಡಿಯಲ್ಲೇ ಮಾಗಿದ್ದು ಫಿನೊ. ಗ್ವಾದಲ್ಕಿವಿರ್ ನದಿ ಸಮುದ್ರ ಸೇರುವ ಸಾನ್‌ಲೂಕರ್‌ನಲ್ಲಿ ಮಾಗಿದರೆ ಅದಕ್ಕೆ ಮನ್ಸಾನಿಯಾ ಎಂಬ ಹೆಸರು. ಅಲ್ಲಿಯ ತೇವದ ಗಾಳಿಗೆ ಫ್ಲೋರ್ ವರ್ಷವಿಡೀ ದಪ್ಪಗಿರುತ್ತದೆ. ಬೊದೇಗಾಗಳ ಚಾವಣಿ ಬಹಳ ಎತ್ತರ, ಕಿಟಕಿಗಳಿಗೆ ಹುಲ್ಲಿನ ಚಾಪೆ, ನೆಲಕ್ಕೆ ಮರಳು. ಬೇಸಿಗೆಯಲ್ಲಿ ಆ ಮರಳಿಗೆ ನೀರು ಚಿಮುಕಿಸಿ ತಂಪು ಕಾಯುತ್ತಾರೆ. ಪೀಪಾಯಿಯಿಂದ ವೈನ್ ತೆಗೆಯಲು ಉದ್ದನೆ ಬಳುಕುವ ಕಡ್ಡಿಯ ತುದಿಗೆ ಸಣ್ಣ ಬಟ್ಟಲಿರುವ ವೆನೆನ್ಸಿಯಾ ಎಂಬ ಸಾಧನವಿದೆ. ಅದನ್ನು ಫ್ಲೋರ್ ಹೆಚ್ಚು ಕದಡದಂತೆ ಥಟ್ಟನೆ ಇಳಿಸಿ ಎತ್ತಿ, ತಲೆಯ ಮೇಲಿನಿಂದ ಕೈಯಲ್ಲಿರುವ ಪುಟ್ಟ ಗ್ಲಾಸಿಗೆ ಒಂದು ಹನಿ ಚೆಲ್ಲದೆ ಸುರಿಯುತ್ತಾರೆ.

ಮದ್ಯಾಂಶವನ್ನು ಶೇ 17ಕ್ಕೆ ಏರಿಸಿದರೆ ಫ್ಲೋರ್ ಬದುಕುವುದಿಲ್ಲ. ಆಗ ಗಾಳಿಯೇ ವೈನನ್ನು ಮಾಗಿಸುತ್ತದೆ. ಬಣ್ಣ ಕಂದಾಗಿ, ಅಕ್ರೋಟಿನ ಘಮಲು ಬರುತ್ತದೆ. ಇದು ಒಲೊರೊಸೊ. ಮೊದಲು ಫ್ಲೋರ್ ಅಡಿಯಲ್ಲಿದ್ದು ಆಮೇಲೆ ಗಾಳಿಗೆ ತೆರೆದುಕೊಂಡದ್ದು ಅಮೊಂತಿಯಾದೊ. ಪೆದ್ರೊ ಹಿಮೆನೆಸ್ ದ್ರಾಕ್ಷಿಯನ್ನು ಚಾಪೆಯ ಮೇಲೆ ಬಿಸಿಲಿಗೆ ಒಣಗಿಸಿ ಹಿಂಡಿದ್ದು ಮಾತ್ರ ಕಪ್ಪಗೆ, ಕಾಕಂಬಿಯಷ್ಟು ಮಂದ, ಅತಿ ಸಿಹಿ.

ಶೆರ್ರಿ ಬಾಟಲಿಯ ಮೇಲೆ ಸಾಮಾನ್ಯವಾಗಿ ಇಸವಿ ಕಾಣುವುದಿಲ್ಲ. ಪೀಪಾಯಿಗಳನ್ನು ವಯಸ್ಸಿನ ಪ್ರಕಾರ ಸಾಲಾಗಿ ಒಂದರ ಮೇಲೊಂದು ಜೋಡಿಸಿರುತ್ತಾರೆ. ನೆಲದ ಮೇಲಿನ ಸಾಲು ಅತಿ ಹಳೆಯದು, ಅದಕ್ಕೆ ಸೊಲೆರಾ ಎನ್ನುತ್ತಾರೆ. ಬಾಟಲಿಗೆ ತುಂಬಲು ಅದರಿಂದ ಒಂದು ಪಾಲು ಮಾತ್ರ ತೆಗೆದು, ತೆಗೆದಷ್ಟನ್ನು ಮೇಲಿನ ಸಾಲಿನಿಂದ ತುಂಬುತ್ತಾರೆ. ಮೇಲಿನದಕ್ಕೆ ಅದರ ಮೇಲಿನಿಂದ. ಎಲ್ಲಕ್ಕೂ ಮೇಲಿನ ಸಾಲಿಗೆ ಆ ವರ್ಷದ ಹೊಸ ವೈನ್. ನಿನ್ನೆಯ ಮೊಸರು ಇಂದಿನ ಹಾಲಿಗೆ ಹೆಪ್ಪಾಗುತ್ತಾ ಬಂದ ಮನೆಯ ರುಚಿಯಂತೆ, ಹಳೆಯದು ಹೊಸದಕ್ಕೆ ತನ್ನ ಗುಣವನ್ನು ಕೊಡುತ್ತಲೇ ಇರುತ್ತದೆ. ಪೀಪಾಯಿ ಎಂದೂ ಪೂರ್ತಿ ಖಾಲಿಯಾಗದ ಕಾರಣ, ನೂರು ವರ್ಷದ ಹಿಂದೆ ಶುರುವಾದ ಸೊಲೆರಾದಲ್ಲಿ ಆ ಮೊದಲ ವೈನಿನ ಅಂಶ ಇಂದಿಗೂ ಅಷ್ಟಿಷ್ಟು ಇರುತ್ತದೆ. ಶೆರ್ರಿ ಹೀರಿದ ಮರಕ್ಕೂ ಬೆಲೆಯಿದೆ. ಸ್ಕಾಟ್ಲೆಂಡಿನ ವಿಸ್ಕಿ ತಯಾರಕರು ಅಂಥ ಪೀಪಾಯಿಗಳನ್ನು ಹುಡುಕಿ ಕೊಳ್ಳುತ್ತಾರೆ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಕೂಡ ತನ್ನ ‘ಇಂಟರ್‌ಮೀಡಿಯೆಟ್ ಶೆರ್ರಿ’ ಮಾಲ್ಟ್ ವಿಸ್ಕಿಗೆ ಅವನ್ನು ಬಳಸಿದೆ.

ಸ್ಪೇನಿನವರು ವೈನನ್ನು ತಿಂಡಿಯಿಂದ ಬೇರ್ಪಡಿಸುವುದು ಅಪರೂಪ. ರಿಯೋಹಾದ ರಾಜಧಾನಿ ಲೋಗ್ರೋನ್ಯೊದಲ್ಲಿ ಲೌರೆಲ್ ಎಂಬ ಇಕ್ಕಟ್ಟಾದ ಬೀದಿಯಿದೆ. ಸಂಜೆ ಅಲ್ಲಿಗೆ ಹೋದವರು ಒಂದೇ ಅಂಗಡಿಯಲ್ಲಿ ಕೂರುವುದಿಲ್ಲ. ಒಂದೊಂದು ಅಂಗಡಿಯೂ ಒಂದೊಂದು ತಿನಿಸಿಗೆ ಹೆಸರಾದದ್ದು. ಒಂದರಲ್ಲಿ ಅಣಬೆಯ ಟೊಪ್ಪಿಗಳನ್ನು ಬೆಳ್ಳುಳ್ಳಿ ಎಣ್ಣೆಯಲ್ಲಿ ಕಾವಲಿಯ ಮೇಲೆ ಸುಟ್ಟು, ಮೇಲೊಂದು ಸೀಗಡಿ ಇಟ್ಟು, ಕಡ್ಡಿ ಚುಚ್ಚಿ ಬ್ರೆಡ್ಡಿನ ತುಂಡಿನ ಮೇಲೆ ಕೊಡುತ್ತಾರೆ. ಕೈಯಲ್ಲೊಂದು ಸಣ್ಣ ಗ್ಲಾಸು ಕ್ರಿಯಾಂಸಾ. ನಿಂತೇ ತಿಂದು, ಕುಡಿದು, ಮುಂದಿನ ಬಾಗಿಲಿಗೆ ನಡೆಯುತ್ತಾರೆ. ಸುಟ್ಟ ಬೆಳ್ಳುಳ್ಳಿಯ ಘಮಕ್ಕೆ ಆ ವೈನಿನ ಹುಳಿ ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ, ಅಲ್ಲಿ ಯಾರೂ ವೈನಿನ ಬಗ್ಗೆ ಪಾಠ ಹೇಳಬೇಕಾಗಿಯೇ ಇಲ್ಲ. ಹೆರೆಸ್ ಕಡೆ ಇದರ ಬದಲು ಹುರಿದ ಮೀನು, ಉಪ್ಪು ಬಾದಾಮಿ, ಆಲಿವ್, ಜೊತೆಗೆ ಐಸಿನಷ್ಟು ತಣ್ಣಗಿನ ಫಿನೊ.

ವಯಸ್ಸನ್ನೇ ಗುಣವೆಂದು ತಿಳಿಯಬಾರದು ಎಂಬ ವಾದ ಈಚೆಗೆ ಸ್ಪೇನಿನಲ್ಲೇ ಜೋರಾಗಿದೆ. ಮುದ್ರೆ ಎಷ್ಟು ಕಾಲ ಇಟ್ಟರೆಂದು ಹೇಳುತ್ತದೆ, ಯಾವ ಊರಿನ ಯಾವ ತೋಟದ ಹಣ್ಣೆಂದು ಹೇಳುವುದಿಲ್ಲ ಎಂದು ಬೆಳೆಗಾರರು ದೂರುತ್ತಾರೆ. 2015ರ ಕೊನೆಗೆ ಆರ್ತಾದಿ ಎಂಬ ಹೆಸರಾಂತ ಬೊದೇಗಾ ರಿಯೋಹಾದ ಮುದ್ರೆಯೇ ಬೇಡವೆಂದು ಹೊರನಡೆಯಲು ನಿರ್ಧರಿಸಿತು. 2017ರಲ್ಲಿ ರಿಯೋಹಾದ ನಿಯಂತ್ರಣ ಮಂಡಳಿ ಒಂದೇ ತೋಟದ ವೈನಿಗೆ ಪ್ರತ್ಯೇಕ ಮಾನ್ಯತೆ ಕೊಡಲು ಒಪ್ಪಿತು. ಬೆಳೆಗಾರರ ಮಾತಿನಲ್ಲಿ ನ್ಯಾಯವಿದೆ. ಕೆಟ್ಟ ಹಣ್ಣಿನ ವೈನ್ ಐದು ವರ್ಷ ಇಟ್ಟರೂ ಒಳ್ಳೆಯದಾಗದು. ಆದರೂ ಹೊಸಬರಿಗೆ ತೋಟದ ಹೆಸರುಗಳಿಗಿಂತ ಮೊದಲು ಕಾಲದ ಲೆಕ್ಕವೇ ಕೈಹಿಡಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ತೋಟದ ಹೆಸರು ಆಮೇಲೆ ತಾನಾಗಿ ಬರುತ್ತದೆ.

ಬೆಂಗಳೂರಿನಲ್ಲಿ ಕೊಳ್ಳುವವರಿಗೆ ಬೆಲೆಯೇ ಅಡ್ಡಿ. ಆಮದು ವೈನಿನ ಮೇಲೆ ಭಾರತ ಬಹುಕಾಲ ಶೇ 150ರಷ್ಟು ಸೀಮಾ ಸುಂಕ ಹಾಕಿಕೊಂಡು ಬಂದಿದೆ, ಅದರ ಮೇಲೆ ರಾಜ್ಯದ ಅಬಕಾರಿ ಸುಂಕ. ಹಾಗಾಗಿ ಹತ್ತು ಯೂರೊದ ಬಾಟಲಿ ಇಲ್ಲಿಗೆ ಬರುವಷ್ಟರಲ್ಲಿ ದುಬಾರಿಯಾಗಿಬಿಡುತ್ತದೆ. ಅಷ್ಟು ಕೊಡುವಾಗ ಬಾಟಲಿಯನ್ನು ಅಂಗಡಿಯವರು ಎಲ್ಲಿಟ್ಟಿದ್ದಾರೆ ನೋಡಿ. ಬಿಸಿಲಿಗೆ, ಟ್ಯೂಬ್‌ಲೈಟಿನ ಕೆಳಗೆ ವರ್ಷಗಟ್ಟಲೆ ನಿಂತದ್ದನ್ನು ಬಿಟ್ಟುಬಿಡಿ. ಮೊದಲು ಒಂದು ರಿಯೋಹಾ ಕ್ರಿಯಾಂಸಾ, ಆಮೇಲೆ ಒಂದು ಅಲ್ಬರೀನ್ಯೊ, ಪರದೇಶಕ್ಕೆ ಹೋಗಿಬರುವವರು ಸಿಕ್ಕರೆ ಅವರಿಂದ ಅರ್ಧ ಬಾಟಲಿ ಫಿನೊ. ಕೆಂಪು ವೈನನ್ನು ನಮ್ಮ ಸೆಕೆಯಲ್ಲಿ ಹಾಗೆಯೇ ಬಗ್ಗಿಸಿದರೆ ಮದ್ಯದ ಘಾಟು ಮಾತ್ರ ಮೂಗಿಗೆ ಬಡಿಯುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು 16ರಿಂದ 18 ಡಿಗ್ರಿಗೆ ಇಳಿಸಿ. ಫಿನೊ ಇನ್ನೂ ತಣ್ಣಗಿರಬೇಕು. ಒಮ್ಮೆ ತೆರೆದರೆ ಅದನ್ನು ಗಾಳಿಯಿಂದ ಕಾಯಲು ಫ್ಲೋರ್ ಇರುವುದಿಲ್ಲ, ಆದ್ದರಿಂದ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಬೇಕು.